ಮಾಡೆಲ್ ಮೇಲೆ ಕೂರುತ್ತೆ, ಬಾಯಲ್ಲಿ ಕೂರಲ್ಲ: ಇಂಪ್ಲಾಂಟ್ ಬ್ರಿಡ್ಜ್‌ನ ಅಚ್ಚಿನಲ್ಲಿ ತಪ್ಪು ಹುಡುಕುವ ದಾರಿ

ಕೆಳದವಡೆಯಲ್ಲಿ ಐದು ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಯಲ್ಲಿ ಕೂರಿಸುವ ಟೈಟೇನಿಯಂ ಬೇರು) ಹಾಕಿಸಿಕೊಂಡಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಲ್ಯಾಬಿನಿಂದ ಅವುಗಳ ಮೇಲೆ ಕೂರುವ ಬ್ರಿಡ್ಜಿನ, ಅಂದರೆ ಸಾಲು ಹಲ್ಲಿನ, ಮೆಟಲ್ ಫ್ರೇಮ್ ಬಂದಿತ್ತು. ಬಾಯಿಯ ಅಚ್ಚಿನಲ್ಲಿ ಜಿಪ್ಸಮ್ ಸುರಿದು ಮಾಡಿದ ಮಾಡೆಲ್ ಮೇಲೆ ಇಟ್ಟು ನೋಡಿದೆ, ಒಂದಿಷ್ಟೂ ಅಲುಗಾಟ ಇಲ್ಲ. ಬಾಯಲ್ಲಿಟ್ಟು ಎಡತುದಿಯ ಸ್ಕ್ರೂ ಒಂದನ್ನೇ ಬಿಗಿ ಮಾಡಿದೆ. ಬಲತುದಿ ಮೇಲೇಳಲಿಲ್ಲ. ಸರಿ ಇದೆ ಅಂದುಕೊಂಡು ಒಂದೊಂದೇ ಸ್ಕ್ರೂ ಹಾಕುತ್ತಾ ಬಂದೆ. ನಡುವಿನ ಮೂರನೇ ಸ್ಕ್ರೂ ತಿರುಗಿಸುವಾಗ ಮೇಷ್ಟ್ರು ಕೈ ಎತ್ತಿದರು. "ಡಾಕ್ಟ್ರೇ, ಅಲ್ಲೇನೋ ಎಳೆದ ಹಾಗಾಗ್ತಿದೆ" ಎಂದರು.

ನನಗೆ ಮೊದಲು ಅನುಮಾನ ಬಂದದ್ದು ಅಚ್ಚು ತೆಗೆಯುವ ಮಟೀರಿಯಲ್ ಮೇಲೆ. ಆ ತಿಂಗಳು ಹೊಸ ಸಿಲಿಕೋನ್ ತರಿಸಿದ್ದೆ. ಅದೇ ಕುಗ್ಗಿರಬೇಕು ಅನ್ನಿಸಿತು. ಲ್ಯಾಬಿಗೆ ಫೋನ್ ಮಾಡಿದರೆ ಟೆಕ್ನಿಷಿಯನ್ ಕೂಡ ಅದನ್ನೇ ಹೇಳಿದರು: "ಸರ್, ಇಂಥ ಕೇಸಿಗೆ ಪಾಲಿಈಥರ್ ಬಳಸಿ ಅಂದಿದ್ದೆ ಅಲ್ವಾ?"

ತಪ್ಪು ಇದ್ದದ್ದು ಬೇರೆ ಕಡೆ. ಅದನ್ನು ಹುಡುಕಲು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಇಂಪ್ಲಾಂಟ್ ಕೆಲಸ ಶುರು ಮಾಡಿದ ಡೆಂಟಿಸ್ಟರಿಗೂ, ಲ್ಯಾಬಿನಲ್ಲಿ ಕೂತು ಮಾಡೆಲ್ ಸುರಿಯುವವರಿಗೂ ಇದು ಉಪಯೋಗಕ್ಕೆ ಬರಲಿ. ಮೊದಲು ಯಾವ ಇಂಪ್ಲಾಂಟ್ ಎಂದು ಕಂಡುಹಿಡಿಯಿರಿ. ಆಮೇಲೆ ಯಾವ ಹಂತ ಎಂದು ನೋಡಿ. ಯಾವ ಮಟೀರಿಯಲ್ ಅನ್ನುವ ಪ್ರಶ್ನೆ ಕೊನೆಗೆ ಬರಲಿ.

ಫ್ರೇಮ್, ಇಂಪ್ಲಾಂಟ್ ನಡುವಿನ ಇಷ್ಟು ಚಿಕ್ಕ ಸಂದಿಗೆ ಯಾಕೆ ಇಷ್ಟು ತಲೆಬಿಸಿ?

ಸಹಜ ಹಲ್ಲಿನ ಬೇರಿನ ಸುತ್ತ ತೆಳ್ಳಗಿನ ನಾರಿನ ಪದರ ಇರುತ್ತದೆ. ಕಚ್ಚಿದಾಗ ಹಲ್ಲು 25ರಿಂದ 100 ಮೈಕ್ರಾನ್‌ನಷ್ಟು ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಬ್ರಿಡ್ಜ್ ಒಂಚೂರು ಆಚೀಚೆ ಆಗಿದ್ದರೂ ಹಲ್ಲೇ ಕೆಲವು ದಿನಗಳಲ್ಲಿ ಹೊಂದಿಕೊಂಡುಬಿಡುತ್ತದೆ. ಇಂಪ್ಲಾಂಟಿಗೆ ಆ ಪದರ ಇಲ್ಲ. ಮೂಳೆ ನೇರವಾಗಿ ಟೈಟೇನಿಯಂಗೆ ಅಂಟಿ ಕೂತಿರುತ್ತದೆ. ಅದು ಕೆಳಗಿಳಿಯುವುದು ಬರೀ 3ರಿಂದ 5 ಮೈಕ್ರಾನ್. ಹಾಗಾಗಿ ಫ್ರೇಮ್ ಸರಿಯಾಗಿ ಕೂರದಿದ್ದರೂ ಸ್ಕ್ರೂ ಬಿಗಿ ಮಾಡಿ ಎಳೆದು ಕೂರಿಸಿದಿರಿ ಅಂದುಕೊಳ್ಳಿ. ಆ ಎಳೆತ ಎಲ್ಲಿಗೂ ಹೋಗುವುದಿಲ್ಲ. ಫ್ರೇಮಿನಲ್ಲಿ, ಸ್ಕ್ರೂನಲ್ಲಿ, ಮೂಳೆಯಲ್ಲಿ ಹಾಗೇ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಸ್ಕ್ರೂ ಸಡಿಲಾಗುತ್ತಿದೆ, ಪೋರ್ಸಲೇನ್ ಚೂರು ಹಾರುತ್ತಿದೆ, ಸ್ಕ್ರೂ ತುಂಡಾಗಿದೆ ಅಂತ ಪೇಷಂಟ್ ಬಂದರೆ ಮೊದಲು ಈ ಎಳೆತವನ್ನೇ ಅನುಮಾನಿಸಬೇಕು.

ಎಷ್ಟು ಸಂದಿ ಇದ್ದರೆ ಪರವಾಗಿಲ್ಲ? ಇಂಪ್ಲಾಂಟ್ ಚಿಕಿತ್ಸೆಯನ್ನು ಜಗತ್ತಿಗೆ ಕೊಟ್ಟ ಸ್ವೀಡನ್ನಿನ ಬ್ರೋನೆಮಾರ್ಕ್ 1983ರಲ್ಲಿ 10 ಮೈಕ್ರಾನ್ ಎಂದರು. 1991ರಲ್ಲಿ ಅದೇ ದೇಶದ ಯೆಮ್ಟ್ 150 ಮೈಕ್ರಾನ್ ವರೆಗೆ ಒಪ್ಪಬಹುದು ಎಂದರು. ಎರಡರ ನಡುವೆ ಹದಿನೈದು ಪಟ್ಟು ವ್ಯತ್ಯಾಸ ಇದೆ. ಬಾಯೊಳಗೆ ವಸಡಿನ ಕೆಳಗಿನ ಸಂದಿಯನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯಲು ನಮಗಂತೂ ಆಗುವುದಿಲ್ಲ. ಅದಕ್ಕೇ ನಾನು ಅಂಕಿಗಿಂತ ಪರೀಕ್ಷೆಯನ್ನು ಜಾಸ್ತಿ ನಂಬುತ್ತೇನೆ.

ಮೊದಲು ಬಾಯಿ ನೋಡಿ

ಫ್ರೇಮ್ ಕೂರಲಿಲ್ಲ ಅಂದ ತಕ್ಷಣ ಅಚ್ಚು ತಪ್ಪಿದೆ ಎಂದು ತೀರ್ಮಾನಿಸಬೇಡಿ. ಇಂಪ್ಲಾಂಟಿನ ಬಾಯಲ್ಲಿ ಒಣಗಿದ ರಕ್ತ ಇರಬಹುದು. ಅಂಚಿನಲ್ಲಿ ಮೂಳೆಯ ಸಣ್ಣ ಚೂರು ತಡೆಯುತ್ತಿರಬಹುದು. ಹೀಲಿಂಗ್ ಕ್ಯಾಪ್ (ವಸಡು ವಾಸಿಯಾಗುವ ತನಕ ಇಂಪ್ಲಾಂಟಿನ ಮೇಲಿಡುವ ಮುಚ್ಚಳ) ತೆಗೆದ ಮೇಲೆ ವಸಡು ಒಳಕ್ಕೆ ಕುಸಿದು ಫ್ರೇಮಿನ ಕೆಳಗೆ ಸಿಕ್ಕಿರಬಹುದು. ಪಕ್ಕದಲ್ಲಿ ಸಹಜ ಹಲ್ಲು ಇದ್ದರೆ ಅದರ ಸಂಪರ್ಕ ಜಾಸ್ತಿ ಬಿಗಿಯಾಗಿರಬಹುದು. ಫ್ರೇಮಿನ ಅಡಿ ವಸಡನ್ನು ಒತ್ತುತ್ತಿದ್ದರೆ ಆ ಜಾಗ ಬೆಳ್ಳಗಾಗುತ್ತದೆ, ಅದು ಕಣ್ಣಿಗೇ ಕಾಣುತ್ತದೆ. ಸಲೈನ್‌ನಲ್ಲಿ ತೊಳೆದು, ಒಣಗಿಸಿ, ಮತ್ತೆ ಇಟ್ಟು ನೋಡಿ.

ಆಮೇಲೆ ಒಂದೇ ಸ್ಕ್ರೂ ಪರೀಕ್ಷೆ. ಒಂದು ತುದಿಯ ಸ್ಕ್ರೂ ಮಾತ್ರ ಬಿಗಿ ಮಾಡಿ ಇನ್ನೊಂದು ತುದಿ ನೋಡುವುದು. ಆಮೇಲೆ ಅದನ್ನು ಬಿಚ್ಚಿ ಆ ಕಡೆಯಿಂದ ಮಾಡುವುದು. ಎಲ್ಲರೂ ಇದನ್ನು ಮಾಡುತ್ತಾರೆ, ಮಾಡಲೇಬೇಕು. ಆದರೆ ಇದು ತುದಿಗಳ ತಪ್ಪನ್ನು ಮಾತ್ರ ಚೆನ್ನಾಗಿ ತೋರಿಸುತ್ತದೆ. ಐದರಲ್ಲಿ ನಡುವಿನ ಒಂದು ಇಂಪ್ಲಾಂಟ್ ಮಾತ್ರ ಫ್ರೇಮಿಗಿಂತ ಕೆಳಗಿದ್ದರೆ ಎರಡೂ ತುದಿ ನೆಟ್ಟಗೆ ಕೂರುತ್ತವೆ. ಸಂದಿ ನಡುವೆ, ವಸಡಿನ ಕೆಳಗೆ ಅಡಗಿರುತ್ತದೆ. ಮೇಷ್ಟ್ರ ಬಾಯಲ್ಲಿ ಆಗಿದ್ದು ಅದೇ.

ಅಂಥ ತಪ್ಪು ಸಿಗುವುದು ಸುತ್ತು ಎಣಿಸಿದಾಗ. ಇದು ಯೆಮ್ಟ್ ಅವರ ವಿಧಾನ. ಬೆರಳಲ್ಲಿ ಹಿಡಿಯುವ ಡ್ರೈವರ್‌ನಿಂದ ಸ್ಕ್ರೂ ತಿರುಗಿಸಿ. ಮೊದಲ ಸಲ ತಡೆ ಸಿಕ್ಕ ಜಾಗದಲ್ಲಿ ನಿಲ್ಲಿ. ಡ್ರೈವರ್ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿಕೊಂಡರೆ ಸುಲಭ. ಅಲ್ಲಿಂದ 10ರಿಂದ 15 ನ್ಯೂಟನ್ ಸೆಂಟಿಮೀಟರ್ ಬಿಗಿ ಬರುವಷ್ಟರಲ್ಲಿ ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಬಾರದು. ಅರ್ಧ ಸುತ್ತೇ ಯಾಕೆ? ಈ ಪುಟ್ಟ ಸ್ಕ್ರೂಗಳ ಎಳೆ (ಸುರುಳಿ ಗೀರು) ಒಂದು ಸುತ್ತಿಗೆ ಸುಮಾರು 0.3 ಮಿಲಿಮೀಟರ್ ಇಳಿಯುವಂತೆ ಇರುತ್ತದೆ. ಅರ್ಧ ಸುತ್ತು ಎಂದರೆ 150 ಮೈಕ್ರಾನ್. ಆ ಅಂಕಿ ಬಂದದ್ದೂ ಇಲ್ಲಿಂದಲೇ.

ಮೇಷ್ಟ್ರ ಫ್ರೇಮಿನಲ್ಲಿ ನಾಲ್ಕು ಸ್ಕ್ರೂಗಳು ಕಾಲು ಸುತ್ತಿನ ಆಸುಪಾಸಿನಲ್ಲಿ ನಿಂತವು. ಮೂರನೆಯದು ಮುಕ್ಕಾಲು ಸುತ್ತು ದಾಟಿತು. ಯಾವ ಇಂಪ್ಲಾಂಟ್ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಎಕ್ಸ್-ರೇ ತೆಗೆದು ಖಾತ್ರಿ ಮಾಡಿಕೊಳ್ಳಿ. ಆದರೆ ಎಕ್ಸ್-ರೇಯಲ್ಲಿ ಇಂಪ್ಲಾಂಟಿನ ಎಳೆಗಳನ್ನು ಮೊದಲು ನೋಡಿ. ಎರಡೂ ಬದಿಯಲ್ಲಿ ಎಳೆಗಳು ಗರಗಸದ ಹಲ್ಲಿನಂತೆ ಚೂಪಾಗಿ ಬಿಡಿಬಿಡಿಯಾಗಿ ಕಂಡರೆ ಕಿರಣ ಲಂಬವಾಗಿ ಬಿದ್ದಿದೆ ಎಂದರ್ಥ. ಎಳೆಗಳು ಒಂದರ ಮೇಲೊಂದು ಮಸುಕಾಗಿ ಬಿದ್ದಿದ್ದರೆ ಆ ಚಿತ್ರದಲ್ಲಿ ಸಂದಿ ಮುಚ್ಚಿಹೋಗಿರುತ್ತದೆ. ಅದನ್ನು ನೋಡಿ "ಕೂತಿದೆ" ಎನ್ನಬೇಡಿ. ಕೋನ ಬದಲಿಸಿ ಇನ್ನೊಂದು ತೆಗೆಯಿರಿ. ಈ ಮಾತನ್ನು ಮತ್ತೆ ನೆನಪಿಸುತ್ತೇನೆ.

ತಪ್ಪು ಮಾಡೆಲ್‌ನದೋ, ಮೆಟಲ್‌ನದೋ?

ಈಗ ಅದೇ ಫ್ರೇಮನ್ನು ಅದೇ ಪರೀಕ್ಷೆಗಳಿಗೆ ಮಾಡೆಲ್ ಮೇಲೆ ಒಡ್ಡಿ. ಒಂದೇ ಸ್ಕ್ರೂ ಪರೀಕ್ಷೆ, ಸುತ್ತಿನ ಎಣಿಕೆ, ಎರಡೂ ಮಾಡಿ. ಲ್ಯಾಬಿನವರು "ಮಾಡೆಲ್ ಮೇಲೆ ಚೆನ್ನಾಗಿದೆ" ಎಂದು ಹೇಳಿದ್ದು ಸಾಲದು. ಎಷ್ಟೋ ಸಲ ಅವರು ಎಲ್ಲಾ ಸ್ಕ್ರೂ ಬಿಗಿ ಮಾಡಿ ನೋಡಿರುತ್ತಾರೆ. ಹಾಗೆ ಎಳೆದು ಕೂರಿಸಿದರೆ ಯಾವ ಫ್ರೇಮ್ ತಾನೇ ಕೂರಲ್ಲ?

ಮಾಡೆಲ್ ಮೇಲೂ ಏಳುತ್ತಿದ್ದರೆ ತಪ್ಪು ಫ್ರೇಮಿನದು. ಎರಕದಲ್ಲಿ ಕೋಬಾಲ್ಟ್ ಕ್ರೋಮಿಯಂ ಲೋಹ ಎರಡು ಶೇಕಡಕ್ಕಿಂತ ಜಾಸ್ತಿ ಕುಗ್ಗುತ್ತದೆ. ಲೋಹ ಹೊಯ್ಯುವ ಮೋಲ್ಡ್, ಅಂದರೆ ಇನ್ವೆಸ್ಟ್‌ಮೆಂಟ್, ಹಿಗ್ಗಿ ಅದನ್ನು ಸರಿದೂಗಿಸಬೇಕು. ಉದ್ದದ ಒಂದೇ ತುಂಡಿನ ಎರಕದಲ್ಲಿ ಈ ಲೆಕ್ಕ ಪಕ್ಕಾ ಕೂರುವುದು ಕಷ್ಟ. ಅದನ್ನು ಕತ್ತರಿಸಿ ಜೋಡಿಸಬೇಕು, ಇಲ್ಲವೇ ಮಿಲ್ಲಿಂಗ್‌ನಲ್ಲಿ (ಲೋಹದ ಗಟ್ಟಿಯನ್ನು ಮೆಷಿನ್ನಿನಲ್ಲಿ ಕೊರೆದು) ಮಾಡಿಸಬೇಕು. ಅಚ್ಚಿನ ಗೊಡವೆ ಬೇಡ.

ಮಾಡೆಲ್ ಮೇಲೆ ನೆಟ್ಟಗೆ ಕೂತು ಬಾಯಲ್ಲಿ ಕೂರದಿದ್ದರೆ ಮಾಡೆಲ್ಲೇ ಬಾಯಿಗೆ ಹೊಂದಿಲ್ಲ. ತಪ್ಪು ಅಚ್ಚಿನಲ್ಲಿದೆ, ಇಲ್ಲವೇ ಮಾಡೆಲ್ ಸುರಿದದ್ದರಲ್ಲಿದೆ. ಈ ಬರಹದ ಉಳಿದ ಭಾಗ ಇದರ ಬಗ್ಗೆಯೇ. ಎರಡೂ ಕಡೆ ಕೂರದಿದ್ದರೆ ಎರಡೂ ತಪ್ಪಿರಬಹುದು. ಆಗ ಮೊದಲು ಮಾಡೆಲ್ ಸರಿಮಾಡಿ, ಆಮೇಲೆ ಮೆಟಲ್. ತಪ್ಪು ಮಾಡೆಲ್ ಮೇಲೆ ಮೆಟಲ್ ತಿದ್ದುತ್ತಾ ಕೂತರೆ ಹಣವೂ ಹೋಗುತ್ತದೆ, ಪೇಷಂಟಿನ ನಂಬಿಕೆಯೂ ಹೋಗುತ್ತದೆ.

ಪ್ಲಾಸ್ಟರ್ ಜಿಗ್ ಸುಳ್ಳು ಹೇಳುವುದಿಲ್ಲ

ಮಾಡೆಲ್ ತಪ್ಪಿದೆಯಾ ಎಂದು ನೋಡಲು ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಸಾಧನ ಪ್ಲಾಸ್ಟರ್. ಮಾಡೆಲ್‌ನ ಅನಲಾಗ್‌ಗಳಿಗೆ (ಮಾಡೆಲ್‌ನಲ್ಲಿ ಇಂಪ್ಲಾಂಟಿನ ಜಾಗದಲ್ಲಿರುವ ಲೋಹದ ಪ್ರತಿರೂಪಗಳು) ಟೆಂಪರರಿ ಸಿಲಿಂಡರ್ (ಸ್ಕ್ರೂ ಹಾಕಿ ಕೂರಿಸುವ ಪುಟ್ಟ ಕೊಳವೆ) ಕೂರಿಸಿ, ಅವುಗಳನ್ನು ಕಡಿಮೆ ಹಿಗ್ಗುವ ಇಂಪ್ರೆಶನ್ ಪ್ಲಾಸ್ಟರ್‌ನಿಂದ ಒಂದು ಪಟ್ಟಿಯಂತೆ ಜೋಡಿಸಿ. ಈ ಪಟ್ಟಿಯೇ ಜಿಗ್. ಸಿಲಿಂಡರ್ ಒಳಗೆ ಷಡ್ಭುಜ ಹಿಡಿತ ಇಲ್ಲದಿರಲಿ. ಪ್ಲಾಸ್ಟರ್ ಪೂರ್ತಿ ಗಟ್ಟಿಯಾದ ಮೇಲೆ ಬಾಯಲ್ಲಿಟ್ಟು ಒಂದೊಂದೇ ಸ್ಕ್ರೂವನ್ನು ಬೆರಳಿನ ಬಿಗಿಯಲ್ಲಿ ಹಾಕುತ್ತಾ ಹೋಗಿ.

ಮಾಡೆಲ್ ಸರಿಯಿದ್ದರೆ ಏನೂ ಆಗಲ್ಲ. ತಪ್ಪಿದ್ದರೆ ಟಕ್ ಎಂದು ಬಿರುಕು ಬಿಡುತ್ತದೆ. ಪ್ಲಾಸ್ಟರ್‌ಗೆ ಬಾಗಲು ಬರುವುದಿಲ್ಲ, ಒಡೆಯಲು ಮಾತ್ರ ಬರುತ್ತದೆ. ಅದೇ ಅದರ ದೊಡ್ಡಗುಣ. ರೆಸಿನ್ನಿನ ಜಿಗ್ ಸ್ವಲ್ಪ ಬಾಗಿ ತಪ್ಪನ್ನು ನುಂಗಿಕೊಳ್ಳಬಹುದು. ಬಿರುಕು ಎಲ್ಲಿ ಬಂತೋ ಅಲ್ಲೇ ತಪ್ಪಿನ ವಿಳಾಸ. ಮೇಷ್ಟ್ರ ಜಿಗ್ ಮೂರನೇ ಸಿಲಿಂಡರಿನ ಎರಡೂ ಪಕ್ಕದಲ್ಲಿ ಬಿರುಕು ಬಿಟ್ಟಿತು. ಉಳಿದ ನಾಲ್ಕರ ನಡುವೆ ತಪ್ಪಿಲ್ಲ, ಮೂರನೆಯದು ಒಂದೇ ಜಾಗ ಬಿಟ್ಟಿದೆ ಎಂದು ಗೊತ್ತಾಯಿತು.

ಇಲ್ಲಿ ಒಂದು ಕ್ಷಣ ಯೋಚಿಸಿ. ಮಟೀರಿಯಲ್ ಕುಗ್ಗಿದ್ದರೆ ಒಂದೇ ಇಂಪ್ಲಾಂಟ್ ಯಾಕೆ ತಪ್ಪುತ್ತಿತ್ತು? ಕುಗ್ಗುವಿಕೆ ಇಡೀ ಅಚ್ಚಿಗೆ ಆಗುತ್ತದೆ. ತಪ್ಪು ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗಿ ದೂರ ಇರುವ ತುದಿಗಳ ನಡುವೆ ಜಾಸ್ತಿ ಕಾಣಬೇಕಿತ್ತು. ಒಂದೇ ಒಂದು ಇಂಪ್ಲಾಂಟ್ ತಪ್ಪಿದ್ದರೆ ಅದು ಸಾಮಾನ್ಯವಾಗಿ ಕೋಪಿಂಗಿನ (ಅಚ್ಚು ತೆಗೆಯುವಾಗ ಇಂಪ್ಲಾಂಟಿನ ಮೇಲೆ ಸ್ಕ್ರೂ ಹಾಕಿ ಕೂರಿಸುವ ತುಂಡು) ಕಥೆ, ಇಲ್ಲವೇ ಅನಲಾಗ್‌ನ ಕಥೆ. ಈ ಒಂದು ತರ್ಕ ನನ್ನ ಎಷ್ಟೋ ದಿನಗಳನ್ನು ಉಳಿಸಿದೆ.

ಅಚ್ಚನ್ನು ಎಸೆಯಬೇಡಿ

ಮಾಡೆಲ್ ಬಂದ ಮೇಲೂ ಅಚ್ಚನ್ನು ಇಟ್ಟುಕೊಳ್ಳಿ. ಬ್ರಿಡ್ಜ್ ಬಾಯಿಗೆ ಹೋಗಿ ಕೂರುವ ತನಕ ಅದು ಸಾಕ್ಷಿ. ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿಕೊಂಡು, ಒಳ್ಳೆ ಬೆಳಕಿನಲ್ಲಿ ನೋಡಿ. ಕೋಪಿಂಗಿನ ಕೂರುವ ಅಂಚಿನ ಮೇಲೆ ಮಟೀರಿಯಲ್‌ನ ತೆಳು ಪೊರೆ ನುಗ್ಗಿದೆಯಾ? ನುಗ್ಗಿದ್ದರೆ ಕೋಪಿಂಗ್ ಪೂರ್ತಿ ಕೂತಿರಲಿಲ್ಲ. ಕೋಪಿಂಗನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿದರೆ ಅಲುಗುತ್ತದೆಯಾ? ಅಲುಗಿದರೆ ಸುತ್ತಲಿನ ಮಟೀರಿಯಲ್ ಅದನ್ನು ಹಿಡಿದಿಲ್ಲ. ಟ್ರೇ (ಮಟೀರಿಯಲ್ ತುಂಬಿ ಬಾಯಿಗಿಡುವ ತಟ್ಟೆ) ಅಂಚಿನಲ್ಲಿ ಮಟೀರಿಯಲ್ ಕಿತ್ತು ಬಂದಿದೆಯಾ? ಕೋಪಿಂಗಿನ ಸ್ಕ್ರೂ ಹೊರಬರುವ ಟ್ರೇಯ ಕಿಟಕಿಯ ಅಂಚು ಕೋಪಿಂಗಿಗೆ ತಾಗಿ ಹೊಳಪು ಗೀರು ಬಿದ್ದಿದೆಯಾ? ಮೇಲ್ಮೈ ಎಲ್ಲಾದರೂ ಅಂಟಂಟಾಗಿ ಉಳಿದಿದೆಯಾ?

ಅಂಟಂಟು ಕಂಡರೆ ಕೈಗವಸು ನೆನಪಿಸಿಕೊಳ್ಳಿ. ಲೇಟೆಕ್ಸ್ ಗ್ಲೋವ್ಸ್‌ನ ಗಂಧಕ ಅಡಿಷನ್ ಸಿಲಿಕೋನ್‌ನ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ. ಪುಟ್ಟಿಯನ್ನು, ಅಂದರೆ ಹಿಟ್ಟಿನಂಥ ಗಟ್ಟಿ ಸಿಲಿಕೋನನ್ನು, ಲೇಟೆಕ್ಸ್ ಕೈಯಲ್ಲಿ ನಾದಿದರೆ, ಅಥವಾ ಅದೇ ಕೈಯಲ್ಲಿ ವಸಡನ್ನು ಮುಟ್ಟಿದ್ದರೆ, ಆ ಜಾಗ ಗಟ್ಟಿಯಾಗುವುದಿಲ್ಲ. ನೈಟ್ರೈಲ್ ಬಳಸಿ, ಇಲ್ಲವೇ ಗನ್ನಿನಿಂದ ಬರುವ ಮಟೀರಿಯಲ್ ಬಳಸಿ.

ನನ್ನ ಅಚ್ಚಿನಲ್ಲಿ ಮೂರನೇ ಕೋಪಿಂಗಿನ ಅಂಚಿಗೆ ಅರ್ಧ ವೃತ್ತದಷ್ಟು ಲೈಟ್ ಬಾಡಿಯ (ತೆಳ್ಳಗೆ ಹರಿಯುವ ಸಿಲಿಕೋನ್) ಪೊರೆ ಅಂಟಿದ ಗುರುತು ಇತ್ತು. ಫೈಲ್ ತೆಗೆದು ಅವತ್ತಿನ ಎಕ್ಸ್-ರೇ ನೋಡಿದೆ. ಎಳೆಗಳೆಲ್ಲ ಮಸುಕು. ಮೇಲೆ ಹೇಳಿದ್ದು ಇದೇ. ಕಿರಣ ಓರೆಯಾಗಿ ಬಿದ್ದಿತ್ತು, ಸಂದಿ ಮುಚ್ಚಿಹೋಗಿತ್ತು, ನಾನು ಅದನ್ನು ಒಪ್ಪಿಕೊಂಡಿದ್ದೆ. ಮೂರನೇ ಇಂಪ್ಲಾಂಟ್ ಉಳಿದವಕ್ಕಿಂತ ಆಳದಲ್ಲಿತ್ತು, ಮೇಲೆ ಸುಮಾರು 4 ಮಿಲಿಮೀಟರ್ ವಸಡು. ಐದೂ ಹೀಲಿಂಗ್ ಕ್ಯಾಪ್ ಒಟ್ಟಿಗೆ ಬಿಚ್ಚಿದ್ದೆ. ಒಂದನೆಯದು, ಎರಡನೆಯದು ಕೂರಿಸುವಷ್ಟರಲ್ಲಿ ಮೂರನೆಯದರ ವಸಡು ಕುಸಿದು ಕೋಪಿಂಗಿನ ಕೆಳಗೆ ಸಿಕ್ಕಿಕೊಂಡಿತ್ತು.

ಈಗ ಒಂದು ಕ್ಯಾಪ್ ಬಿಚ್ಚುತ್ತೇನೆ, ಅಲ್ಲೇ ಕೋಪಿಂಗ್ ಕೂರಿಸುತ್ತೇನೆ, ಆಮೇಲೆ ಮುಂದಿನದಕ್ಕೆ ಹೋಗುತ್ತೇನೆ. ಎಲ್ಲ ಮುಗಿದ ಮೇಲೆ ಒಂದೊಂದಕ್ಕೂ ಎಳೆ ಚೂಪಾಗಿ ಕಾಣುವ ಎಕ್ಸ್-ರೇ ಬೇಕೇ ಬೇಕು.

ಕೋಪಿಂಗ್‌ಗಳನ್ನು ಕಟ್ಟಿದ ರೆಸಿನ್

ನಾಲ್ಕು ಮತ್ತು ಅದಕ್ಕಿಂತ ಜಾಸ್ತಿ ಇಂಪ್ಲಾಂಟ್ ಇದ್ದರೆ ಓಪನ್ ಟ್ರೇ ವಿಧಾನ (ಟ್ರೇಯ ಕಿಟಕಿಯಿಂದ ಸ್ಕ್ರೂ ಬಿಚ್ಚಿ, ಕೋಪಿಂಗನ್ನು ಅಚ್ಚಿನ ಜೊತೆಗೇ ತೆಗೆಯುವುದು) ಒಳ್ಳೆಯದು. ಮೂರರ ಒಳಗೆ, ಇಂಪ್ಲಾಂಟ್‌ಗಳು ಹೆಚ್ಚುಕಡಿಮೆ ಸಮಾನಾಂತರ ಇದ್ದರೆ, ಕಿಟಕಿ ಇಲ್ಲದ ಕ್ಲೋಸ್ಡ್ ಟ್ರೇಯಲ್ಲೂ ಅಷ್ಟೇ ಚೆನ್ನಾಗಿ ಬರುತ್ತದೆ. ಓಪನ್ ಟ್ರೇಯಲ್ಲಿ ಕೋಪಿಂಗ್‌ಗಳನ್ನು ಫ್ಲಾಸ್ ಸುತ್ತಿ, ಅದರ ಮೇಲೆ ಪ್ಯಾಟರ್ನ್ ರೆಸಿನ್ (ಬೇಗ ಗಟ್ಟಿಯಾಗುವ ಅಕ್ರಿಲಿಕ್) ಹಚ್ಚಿ ಒಂದಕ್ಕೊಂದು ಕಟ್ಟುತ್ತೇವೆ. ಟ್ರೇ ತೆಗೆಯುವಾಗಲೂ, ಅನಲಾಗ್ ತಿರುಗಿಸುವಾಗಲೂ ಅವು ಅಲುಗಬಾರದು ಅಲ್ವಾ? ಅದಕ್ಕೆ.

ಈ ರೆಸಿನ್ ಅಚ್ಚಿನ ಮಟೀರಿಯಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕುಗ್ಗುತ್ತದೆ. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಇಂಥ ಎರಡು ರೆಸಿನ್‌ಗಳನ್ನು 1990ರಲ್ಲೇ ಅಳೆದಿದ್ದಾರೆ. 24 ಗಂಟೆಯಲ್ಲಿ ಗಾತ್ರದ ಕುಗ್ಗುವಿಕೆ ಒಂದರಲ್ಲಿ 6.5 ಶೇಕಡ, ಇನ್ನೊಂದರಲ್ಲಿ 7.9 ಶೇಕಡ. ಅದರಲ್ಲಿ 80 ಶೇಕಡ ಮೊದಲ 17 ನಿಮಿಷದಲ್ಲೇ ಆಗಿಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಗಾತ್ರದಲ್ಲಿ 6.5 ಎಂದರೆ ಉದ್ದದಲ್ಲಿ ಸರಿಸುಮಾರು ಮೂರನೇ ಒಂದು ಭಾಗ, ಅಂದರೆ 2 ಶೇಕಡದ ಆಸುಪಾಸು. ಎರಡು ಕೋಪಿಂಗ್ ನಡುವೆ 10 ಮಿಲಿಮೀಟರ್ ರೆಸಿನ್ ಇದ್ದರೆ ಅದು ಸುಮಾರು 200 ಮೈಕ್ರಾನ್ ಎಳೆಯಲು ನೋಡುತ್ತದೆ. ಬಾಯಲ್ಲಿ ಸ್ಕ್ರೂ ಬಿಗಿಯಾಗಿರುವ ತನಕ ಕೋಪಿಂಗ್ ಹೋಗಲಾರದು, ಎಳೆತ ಒಳಗೇ ಕೂಡಿಕೊಳ್ಳುತ್ತದೆ. ಟ್ರೇ ಹೊರಗೆ ತೆಗೆದ ಕ್ಷಣ ಅದು ಬಿಡುಗಡೆಯಾಗಿ ಕೋಪಿಂಗನ್ನು ಎಳೆಯುತ್ತದೆ. ಅದೇ ರೆಸಿನ್ನನ್ನು ಹಿಂದಿನ ದಿನವೇ ಮಾಡಿ, ತೆಳ್ಳಗಿನ ಡಿಸ್ಕಿನಿಂದ 0.2 ಮಿಲಿಮೀಟರ್ ಸೀಳು ಹಾಕಿ, ಬಾಯಲ್ಲಿ ಆ ಸೀಳನ್ನಷ್ಟೇ ತುಂಬಿದರೆ? 0.2ರ ಎರಡು ಶೇಕಡ ಎಂದರೆ 4 ಮೈಕ್ರಾನ್. ಇನ್ನೂರು ಎಲ್ಲಿ, ನಾಲ್ಕು ಎಲ್ಲಿ!

ಹಾಗಾಗಿ ಜೋಡಣೆಯಲ್ಲಿ ತಪ್ಪು ಹುಡುಕುವಾಗ ಮೂರು ವಿಷಯ ಕೇಳಿಕೊಳ್ಳಿ. ಸೀಳು ಹಾಕಿದಿರಾ, ಒಂದೇ ಸಲಕ್ಕೆ ಇಡೀ ಕಮಾನು ಕಟ್ಟಿದಿರಾ? ಸೀಳು ತೆಳ್ಳಗಿತ್ತಾ, ದಪ್ಪ ಡಿಸ್ಕಿನಿಂದ ಎರಡು ಮಿಲಿಮೀಟರ್ ಆಗಿತ್ತಾ? ಸೀಳು ತುಂಬಿದ ಮೇಲೆ 17 ನಿಮಿಷ ಕಾದಿರಾ? ಪೇಷಂಟ್ ಬಾಯಿ ತೆರೆದು ಕೂತಿರುವಾಗ ಆ ಹದಿನೇಳು ನಿಮಿಷ ತುಂಬಾ ಉದ್ದ ಅನ್ನಿಸುತ್ತದೆ, ಗೊತ್ತು. ನಡುವೆ ಬಾಯಿ ಅರ್ಧ ಮುಚ್ಚಿ ವಿಶ್ರಾಂತಿ ಕೊಡಿ. ಕೆಳದವಡೆಗೆ ಇದು ಇನ್ನೊಂದು ಕಾರಣಕ್ಕೂ ಬೇಕು. ಬಾಯಿ ಪೂರ್ತಿ ಅಗಲಿಸಿದಾಗ ಕೆಳದವಡೆ ಒಳಕ್ಕೆ ಬಾಗಿ ಹಿಂಬದಿಯ ಅಗಲ ಕಡಿಮೆಯಾಗುತ್ತದೆ. ಸೀಳು ತುಂಬುವಾಗಲೂ ಅಚ್ಚು ತೆಗೆಯುವಾಗಲೂ ಬಾಯಿ ಎಷ್ಟು ಬೇಕೋ ಅಷ್ಟೇ ತೆರೆದಿರಲಿ.

ಮೇಷ್ಟ್ರ ಕೇಸಿನಲ್ಲಿ ಈ ಜೋಡಣೆ ಸರಿಯಾಗಿಯೇ ಇತ್ತು. ಆದರೂ ಅದು ನನ್ನನ್ನು ಕಾಪಾಡಲಿಲ್ಲ. ಮೇಲೆದ್ದು ಕೂತಿದ್ದ ಕೋಪಿಂಗನ್ನು ರೆಸಿನ್ ಅದೇ ತಪ್ಪು ಎತ್ತರದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು. ಕಟ್ಟುವ ಮೊದಲೇ ಕೋಪಿಂಗ್ ಕೂತಿರಬೇಕು. ಆಮೇಲೆ ಎಷ್ಟು ಚೆನ್ನಾಗಿ ಕಟ್ಟಿದರೂ ತಪ್ಪೇ ಭದ್ರವಾಗುತ್ತದೆ.

ಈಗ ಮಟೀರಿಯಲ್

ಪಾಲಿಈಥರ್ ಮತ್ತು ಅಡಿಷನ್ ಸಿಲಿಕೋನ್, ಇಂಪ್ಲಾಂಟ್ ಕೆಲಸಕ್ಕೆ ಎರಡೂ ಒಳ್ಳೆಯವು. ನನ್ನ ಅನುಭವದಲ್ಲಿ ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಬಳಸುವವರ ಕೈಯ ವ್ಯತ್ಯಾಸ ದೊಡ್ಡದು. ಪಾಲಿಈಥರ್ ಗಟ್ಟಿ. ಓಪನ್ ಟ್ರೇಯಲ್ಲಿ ಕೋಪಿಂಗನ್ನು ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅನಲಾಗ್ ತಿರುಗಿಸುವಾಗ ಕೋಪಿಂಗ್ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಆ ಗಟ್ಟಿತನವೇ ಒಮ್ಮೊಮ್ಮೆ ತೊಂದರೆ. ಉಳಿದ ಸಹಜ ಹಲ್ಲುಗಳ ಕೆಳಗೆ ಆಳದ ಸಂದುಗಳಿದ್ದರೆ, ಇಂಪ್ಲಾಂಟ್‌ಗಳು ತುಂಬಾ ಓರೆಯಾಗಿದ್ದರೆ ಟ್ರೇ ಹೊರಬರಲು ಒದ್ದಾಡಬೇಕು. ಅಂಥಲ್ಲಿ ಸಿಲಿಕೋನ್ ಮೇಲು. ಎಳೆದು ಬಿಟ್ಟ ಮೇಲೆ ಅದು 99 ಶೇಕಡಕ್ಕಿಂತ ಜಾಸ್ತಿ ಮೊದಲಿನ ಆಕಾರಕ್ಕೆ ಮರಳುತ್ತದೆ.

ಒಂದು ದಿನದಲ್ಲಿ ಅಡಿಷನ್ ಸಿಲಿಕೋನ್ ಸುಮಾರು 0.15ರಿಂದ 0.2 ಶೇಕಡ ಕುಗ್ಗುತ್ತದೆ. ಪಾಲಿಈಥರ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಕಂಡೆನ್ಸೇಷನ್ ಸಿಲಿಕೋನ್ ಮಾತ್ರ ಇವೆರಡರ ಎರಡು ಮೂರು ಪಟ್ಟು ಕುಗ್ಗುತ್ತದೆ, ಗಟ್ಟಿಯಾಗುವಾಗ ಹೊರಬೀಳುವ ಆಲ್ಕೋಹಾಲ್ ಆರಿಹೋಗುವುದೇ ಕಾರಣ. ಅಗ್ಗ ಎಂದು ಅದನ್ನು ಇಂಪ್ಲಾಂಟ್ ಬ್ರಿಡ್ಜಿಗೆ ದಯವಿಟ್ಟು ಬಳಸಬೇಡಿ. ಆಲ್ಜಿನೇಟ್ ಮಾತೇ ಬೇಡ, ಅದು ಟ್ರೇ ಮಾಡಿಸುವ ಮೊದಲ ಅಳತೆಗೆ ಸಾಕು.

ಪಾಲಿಈಥರ್ ನೀರು ಹೀರುತ್ತದೆ. ಅಚ್ಚನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಕವರಿಗೆ ಹಾಕುವ ಅಭ್ಯಾಸ ಆಲ್ಜಿನೇಟ್‌ನಿಂದ ಬಂದದ್ದು. ಪಾಲಿಈಥರ್‌ಗೆ ಅದು ವಿಷ. ಊದಿಕೊಂಡು ಆಕಾರ ಕೆಡುತ್ತದೆ. ಆಲ್ಜಿನೇಟ್ ಅಚ್ಚಿನ ಜೊತೆ ಒಂದೇ ಕವರಿನಲ್ಲೂ ಇಡಬೇಡಿ. ಮಳೆಗಾಲದ ಮಂಗಳೂರು, ಉಡುಪಿ ಕಡೆಯವರು ಇದನ್ನು ಇನ್ನಷ್ಟು ನೆನಪಿಡಬೇಕು. ಸೋಂಕು ತೆಗೆಯಲು ಹೈಪೋಕ್ಲೋರೈಟ್‌ನಲ್ಲಿ ಮುಳುಗಿಸಿದರೆ 10 ನಿಮಿಷ ದಾಟದಿರಲಿ. ರಾತ್ರಿಯಿಡೀ ಬಕೆಟ್ಟಿನಲ್ಲಿ ಬಿಟ್ಟ ಅಚ್ಚುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಟ್ರೇ ಮತ್ತು ಬಿಸಿಲು

ಜಿಗ್‌ನಲ್ಲಿ ಒಂದೇ ಜಾಗದ ಬದಲು ಎಲ್ಲ ಕಡೆ ಸ್ವಲ್ಪ ಸ್ವಲ್ಪ ತಪ್ಪು ಕಂಡರೆ ಟ್ರೇ ಮೇಲೆ ಅನುಮಾನ ಪಡಿ. ತೆಳು ಪ್ಲಾಸ್ಟಿಕ್ ಸ್ಟಾಕ್ ಟ್ರೇಗೆ ಗಟ್ಟಿ ಪುಟ್ಟಿ ತುಂಬಿ ಒತ್ತಿದರೆ ಟ್ರೇಯ ಗೋಡೆ ಹೊರಕ್ಕೆ ಅರಳುತ್ತದೆ. ಬಾಯಿಂದ ತೆಗೆದ ಮೇಲೆ ಒಳಕ್ಕೆ ಮರಳುತ್ತದೆ. ಅಚ್ಚೂ ಅದರ ಜೊತೆ ಕಿರಿದಾಗುತ್ತದೆ. ಅಕ್ರಿಲಿಕ್ ಕಸ್ಟಮ್ ಟ್ರೇ ಮಾಡಿಸಿ, ಮಟೀರಿಯಲ್‌ಗೆ 2ರಿಂದ 3 ಮಿಲಿಮೀಟರ್ ಸಮನಾದ ಜಾಗ ಬಿಡಿ. ಅದನ್ನೂ ಹಿಂದಿನ ದಿನವೇ ಮಾಡಿಸಿ, ಅಕ್ರಿಲಿಕ್ ಕೂಡ ಮೊದಲ ದಿನ ಆಕಾರ ಬದಲಿಸುತ್ತಿರುತ್ತದೆ. ಸಿಲಿಕೋನ್‌ನ ಅಂಟು ಪಾಲಿಈಥರ್‌ಗೆ ಆಗುವುದಿಲ್ಲ, ಪಾಲಿಈಥರ್‌ನದು ಸಿಲಿಕೋನ್‌ಗೆ ಆಗುವುದಿಲ್ಲ. ಹಚ್ಚಿದ ಮೇಲೆ ಒಣಗಲು ಹತ್ತು ಹದಿನೈದು ನಿಮಿಷ ಕೊಡಿ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಡಬ್ಬದ ಮೇಲೆ ಬರೆದಿರುವ ಸಮಯ ಸುಮಾರು 23 ಡಿಗ್ರಿಯ ಕೋಣೆಯದು. ಸೆಕೆಯಲ್ಲಿ ಸಿಲಿಕೋನ್ ಅರ್ಧದಾರಿಯಲ್ಲೇ ಬಿಗಿಯತೊಡಗುತ್ತದೆ. ಬಿಗಿಯತೊಡಗಿದ ಮಟೀರಿಯಲ್ ಒಳಗೆ ಟ್ರೇ ಒತ್ತಿದರೆ ಅದು ಹರಿಯದೆ ಎಳೆದುಕೊಳ್ಳುತ್ತದೆ. ಹೊರಗೆ ತೆಗೆದಾಗ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಎಸಿ ಹಾಕಿ, ಇಲ್ಲವೇ ಸಿಲಿಕೋನನ್ನು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಪಾಲಿಈಥರನ್ನು ಮಾತ್ರ ಕೋಣೆಯ ತಂಪಿಗೆ ತಂದು ಬಳಸಿ, ತಣ್ಣಗಿದ್ದರೆ ಅದು ತುಂಬಾ ಗಟ್ಟಿ. ಊರಿಂದ ಊರಿಗೆ ಬಸ್ ಪಾರ್ಸೆಲ್‌ನಲ್ಲಿ ಅಚ್ಚು ಕಳಿಸುವವರು ಒಣಗಿಸಿ, ಗಟ್ಟಿ ಡಬ್ಬಿಯಲ್ಲಿ, ಏನೂ ಒತ್ತದಂತೆ ಇಡಿ. ಬಿಸಿಲಿನ ಗೂಡ್ಸ್ ಜಾಗದಲ್ಲಿ ಅಡಿಗೆ ಬಿದ್ದ ತೆಳು ಕವರ್ ಅಚ್ಚಿನ ಶತ್ರು. ಆಗುವುದಾದರೆ ನೀವೇ ಸುರಿದು ಮಾಡೆಲ್ ಕಳಿಸಿ.

ಲ್ಯಾಬ್ ಮೇಜಿನ ಮೇಲೆ

ಅಚ್ಚು ನೋಡಿದಾಗ ತಪ್ಪು ಕಾಣದಿದ್ದರೆ, ಒಂದೇ ಇಂಪ್ಲಾಂಟ್ ತಪ್ಪಿದ್ದರೆ, ಅನಲಾಗ್ ಹಾಕಿದ ರೀತಿ ಕೇಳಿ. ಅನಲಾಗನ್ನು ಆರ್ಟರಿ ಫೋರ್ಸೆಪ್ಸ್‌ನಲ್ಲಿ ಹಿಡಿದು, ಸ್ಕ್ರೂ ಮಾತ್ರ ತಿರುಗಿಸಬೇಕು. ಹಿಡಿಯದೆ ಸ್ಕ್ರೂ ಬಿಗಿ ಮಾಡಿದರೆ ಕೋಪಿಂಗ್ ಅಚ್ಚಿನೊಳಗೇ ತಿರುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಾಡೆಲ್ ಕೆಟ್ಟಿರುತ್ತದೆ. ಅನಲಾಗ್, ಕೋಪಿಂಗ್, ಇಂಪ್ಲಾಂಟ್ ಒಂದೇ ಕಂಪನಿಯವಾ ಎಂದೂ ನೋಡಿ. ಅಸಲಿ ಭಾಗಗಳ ನಡುವೆಯೇ 22ರಿಂದ 100 ಮೈಕ್ರಾನ್ ತಯಾರಿಕೆಯ ಸಡಿಲನ್ನು 1997ರಲ್ಲಿ ಅಳೆದಿದ್ದಾರೆ. ನಕಲಿ ಭಾಗ ಸೇರಿದರೆ ಹೇಳುವುದೇ ಬೇಡ. ಹಳೆಯ, ಗೀರು ಬಿದ್ದ ಅನಲಾಗ್ ಮತ್ತೆ ಬಳಸುವುದೂ ಹಾಗೇ.

ಸಿಲಿಕೋನ್ ಅಚ್ಚಿನಲ್ಲಿ ಸುರಿದ ಮಾಡೆಲ್ ಮೇಲೆ ಸೂಜಿಮೊನೆಯಂಥ ಗುಳ್ಳೆಗಳಿದ್ದರೆ ಬೇಗ ಸುರಿದಿದ್ದಾರೆ. ಕೆಲವು ಸಿಲಿಕೋನ್‌ಗಳು ಹೈಡ್ರೋಜನ್ ಬಿಡುತ್ತವೆ. ಅರ್ಧ ಗಂಟೆಯಿಂದ ಒಂದು ಗಂಟೆ ಕಾದರೆ ಸಾಕು. ಟೈಪ್ 4 ಸ್ಟೋನ್‌ನ (ಮಾಡೆಲ್ ಸುರಿಯುವ ಗಟ್ಟಿ ಜಿಪ್ಸಮ್) ನೀರು, ಪುಡಿ ಅಳೆದು ಹಾಕಬೇಕು. ಕೈ ಅಂದಾಜಿನಲ್ಲಿ ಕಲಸಿದರೆ ಹಿಗ್ಗುವಿಕೆ ಅಂದಾಜಿಗೆ ಸಿಗುವುದಿಲ್ಲ.

ಅಚ್ಚಿನ ಬದಲು ಬಾಯಿಯನ್ನೇ ಸ್ಕ್ಯಾನ್ ಮಾಡುವ ಸ್ಕ್ಯಾನರ್ ಇದ್ದರೆ ಇದೆಲ್ಲ ಬೇಡ ಅಂತ ಕೇಳುವವರಿದ್ದಾರೆ. ಎರಡು ಮೂರು ಇಂಪ್ಲಾಂಟ್‌ಗೆ ಸ್ಕ್ಯಾನ್ ಚೆನ್ನಾಗಿದೆ. ಇಡೀ ಕಮಾನಿಗೆ ಚಿತ್ರಗಳನ್ನು ಒಂದಕ್ಕೊಂದು ಹೊಲಿಯುತ್ತಾ ಹೋದಂತೆ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಸ್ಕ್ಯಾನ್ ಬಾಡಿ (ಸ್ಕ್ಯಾನಿಗಾಗಿ ಇಂಪ್ಲಾಂಟಿನ ಮೇಲೆ ಕೂರಿಸುವ ತುಂಡು) ಪೂರ್ತಿ ಕೂತಿಲ್ಲದಿದ್ದರೆ ಕಥೆ ಮೇಷ್ಟ್ರದೇ. ಜಿಗ್ ಅಲ್ಲೂ ಬೇಕು.

ಮೇಷ್ಟ್ರ ಫ್ರೇಮ್ ಸರಿಯಾದದ್ದು

ಹೊಸ ಅಚ್ಚು ತೆಗೆಯಲಿಲ್ಲ. ಉಳಿದ ನಾಲ್ಕು ಸರಿಯಾಗಿದ್ದವಲ್ಲ. ಮೂರನೇ ಇಂಪ್ಲಾಂಟಿನ ಸುತ್ತ ವಸಡು ಸ್ವಲ್ಪ ಬಿಡಿಸಿ, ಬಿರುಕು ಬಿಟ್ಟ ಜಿಗ್‌ನಿಂದ ಮೂರನೇ ಸಿಲಿಂಡರನ್ನು ಬಿಡಿಸಿಕೊಂಡೆ. ಬಿರುಕು ಎರಡೂ ಕಡೆಯ ಪಟ್ಟಿಗಳನ್ನೂ ಬೇರೆ ಮಾಡಿತ್ತು. ಐದೂ ಸಿಲಿಂಡರ್ ಬಾಯಲ್ಲಿ ಕೂರಿಸಿ, ಎಳೆಗಳು ಚೂಪಾಗಿ ಕಾಣುವ ಎಕ್ಸ್-ರೇ ತೆಗೆದು, ನಡುವಿನ ಸಂದಿಗಳನ್ನು ಸ್ವಲ್ಪವೇ ರೆಸಿನ್‌ನಿಂದ ಜೋಡಿಸಿದೆ. ಗಡಿಯಾರ ನೋಡಿ ಕಾದೆ. ಲ್ಯಾಬಿನಲ್ಲಿ ಮಾಡೆಲ್‌ನ ಮೂರನೇ ಅನಲಾಗನ್ನು ಕೊರೆದು ತೆಗೆದು, ಜಿಗ್‌ಗೆ ತಿರುಗಿಸಿ, ಉಳಿದ ನಾಲ್ಕರ ಮೇಲೆ ಜಿಗ್ ಕೂರಿಸಿ ಆ ಗುಳಿಗೆ ಮಾತ್ರ ಹೊಸ ಸ್ಟೋನ್ ಸುರಿದರು.

ಫ್ರೇಮನ್ನು ಮೂರನೇ ಸಿಲಿಂಡರಿನ ಎರಡೂ ಪಕ್ಕದಲ್ಲಿ ತೆಳ್ಳಗೆ ಕತ್ತರಿಸಿ, ಬಾಯಲ್ಲಿ ಕೂರಿಸಿ, ಪ್ಯಾಟರ್ನ್ ರೆಸಿನ್‌ನಿಂದ ಹಿಡಿದು ಕಳಿಸಿದೆ. ಲೇಸರ್ ವೆಲ್ಡಿಂಗ್ ಆಗಿ ಬಂತು. ತಿದ್ದಿದ ಮಾಡೆಲ್ ಮೇಲೆ ಸುತ್ತು ಎಣಿಸಿದೆ, ಆಮೇಲೆ ಬಾಯಲ್ಲಿ ಎಣಿಸಿದೆ. ಐದೂ ಸ್ಕ್ರೂ ಕಾಲು ಸುತ್ತಿನ ಆಸುಪಾಸಿನಲ್ಲಿ ನಿಂತವು. ಮೂರನೆಯದು ತಿರುಗಿಸುವಾಗ ಮೇಷ್ಟ್ರ ಕೈ ಕುರ್ಚಿಯ ಹಿಡಿಯ ಮೇಲೇ ಇತ್ತು.

ಟೆಕ್ನಿಷಿಯನ್ ಮತ್ತು ನಾನು ಸೇರಿ ವರ್ಕ್ ಸ್ಲಿಪ್ಪಿನಲ್ಲಿ ಒಂದು ಸಾಲು ಸೇರಿಸಿದೆವು. "ಜಿಗ್ ಬಾಯಲ್ಲಿ ನೋಡಿದ ದಿನಾಂಕ" ಎಂದು. ಆ ಜಾಗ ಖಾಲಿ ಇದ್ದರೆ ಅವರು ಮೆಟಲ್ ಕೆಲಸ ಶುರು ಮಾಡುವುದಿಲ್ಲ, ನನಗೆ ಫೋನ್ ಮಾಡುತ್ತಾರೆ.